ಹತ್ತಕ್ಕೆ ನಾಲ್ಕು

"ನಾಲ್ಕು," ಅಂದರು ಮೇಷ್ಟ್ರು.

ನರ್ಸಮ್ಮ ತನ್ನ ಹಾಳೆಯಲ್ಲಿ ಬರೆದುಕೊಂಡಳು. ಬಾಗಿಲಿಗೆ ಒರಗಿ ನಿಂತಿದ್ದ ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನಾಗುತ್ತದೆ ಹೇಳಿ. ಅರ್ಧ ಗಂಟೆಯ ಹಿಂದೆ ಇದೇ ಅಪ್ಪ ಇದೇ ಮಂಚದ ಮೇಲೆ ದಿಂಬಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲಗಿದ್ದರು. ಕಚ್ಚಿದ ಜಾಗ ಇನ್ನೂ ಒದ್ದೆಯಾಗಿತ್ತು. ಹೊರಗೆ ನರ್ಸಮ್ಮನ ಸ್ಕೂಟರ್ ನಿಂತ ಸದ್ದು ಕೇಳಿದ್ದೇ ತಡ, "ಬಾಚಣಿಗೆ ಕೊಡು" ಅಂದರು. ತಲೆ ಬಾಚಿಕೊಂಡರು. ಶರಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡರು. ಶಾಲೆಗೆ ಇನ್ಸ್‌ಪೆಕ್ಟರ್ ಬಂದಾಗಿನಂತೆ ಬೆನ್ನು ನೆಟ್ಟಗೆ ಮಾಡಿ ಕೂತರು. ಕ್ಯಾನ್ಸರ್ ಹಬ್ಬಿರುವುದು ಆ ಬೆನ್ನಿನ ಮೂಳೆಗೇ. ಕೂತಾಗ ಅವರ ತುಟಿಯ ಬಣ್ಣ ಹೋದದ್ದನ್ನು ಮಗಳು ನೋಡಿದಳು. ದಿಂಬನ್ನು ಮಾತ್ರ ಅವರೇ ಒದ್ದೆ ಕಾಣದ ಹಾಗೆ ಮಗುಚಿಟ್ಟರು.

ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ಇದಕ್ಕಿಂತ ಹೆಚ್ಚು ತಡೆಯುವುದಕ್ಕೇ ಆಗುವುದಿಲ್ಲ. ಆರೈಕೆ ಕೇಂದ್ರದ ಪದ್ಧತಿ ಅದು. ಇನ್ನು ವಾಸಿಯಾಗುವ ಮಾತಿಲ್ಲ ಅಂತ ಆಸ್ಪತ್ರೆಯವರು ಮನೆಗೆ ಕಳಿಸಿದವರನ್ನು ಈ ಕೇಂದ್ರದವರು ನೋಡಿಕೊಳ್ಳುತ್ತಾರೆ. ಮನೆಗೇ ಬಂದು ಗಾಯ ತೊಳೆಯುತ್ತಾರೆ, ಮಾತ್ರೆ ಕೊಡುತ್ತಾರೆ, ಮನೆಯವರು ಅತ್ತರೆ ಪಕ್ಕದಲ್ಲಿ ಕೂರುತ್ತಾರೆ. ಒಳ್ಳೆಯವರೇ. ನಮಗೆ ಸಿಟ್ಟು ಬರಬೇಕಾದರೆ ಎದುರಿನವರು ಕೆಟ್ಟವರೇ ಆಗಿರಬೇಕು ಅಂತೇನೂ ಇಲ್ಲವಲ್ಲ. ಅವರ ಲೆಕ್ಕ ಹೀಗೆ: ಅಂಕಿ ಐದರ ಕೆಳಗಿದ್ದರೆ ಮಾರ್ಫಿನ್ ಮಾತ್ರೆ ಇದ್ದಷ್ಟೇ ಇರುತ್ತದೆ. ಐದಾದರೆ ಡಾಕ್ಟರು ಹೆಚ್ಚಿಸುತ್ತಾರೆ. ಏಳಾದರೆ ಕೇಂದ್ರಕ್ಕೇ ಕರೆದೊಯ್ದು, ನೋವು ಹತೋಟಿಗೆ ಬರುವ ತನಕ ಅಲ್ಲೇ ಇಟ್ಟುಕೊಳ್ಳುತ್ತಾರೆ. ಮೇಷ್ಟ್ರು ಮೊದಮೊದಲು ಒಂದು ಅನ್ನುತ್ತಿದ್ದರು. ಹೋದ ಮಂಗಳವಾರ ನಾಲ್ಕು ಅಂದರು. ಶುಕ್ರವಾರವೂ ನಾಲ್ಕು. ಇವತ್ತು ಮಂಗಳವಾರ, ಮತ್ತೆ ನಾಲ್ಕು.

"ಸಿಸ್ಟರ್, ಸುಳ್ಳು ಹೇಳ್ತಿದಾರೆ," ಅಂದಳು ಮಗಳು.

"ನೀನು ಸುಮ್ನಿರು," ಅಂದರು ಮೇಷ್ಟ್ರು.

ಅವಳೋ ಸುಮ್ಮನಿರುವ ಪೈಕಿಯಲ್ಲ. ಬಸ್ ಕಂಡಕ್ಟರ್. ಇಪ್ಪತ್ತಾರು ವರ್ಷದ ಸರ್ವೀಸು, ಅರವತ್ತು ಜನ ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಡ್ರೈವರನ ಕಿವಿಗೆ ಮುಟ್ಟುವ ಗಂಟಲು. ಡಿಪೋದಲ್ಲಿ ಅವಳನ್ನು 'ರೈಟ್ ರೈಟ್ ಅಕ್ಕ' ಅಂತಲೇ ಕರೆಯುವುದು. ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯಾಚೆ ನೋಡುತ್ತ ಕೂತವನನ್ನು ಅವನ ಕತ್ತು ನೋಡಿಯೇ ಹಿಡಿಯುತ್ತಾಳೆ. ಅಂಥವಳಿಗೆ ಹೆತ್ತ ಅಪ್ಪನ ಮುಖ ಓದಲು ಬರುವುದಿಲ್ಲವೇ? ಅವಳು ಮದುವೆಯಾಗಲಿಲ್ಲ, ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಮನೆಯಲ್ಲಿ ಇರುವುದು ಇವರಿಬ್ಬರೇ. ಇದ್ದಬದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಅಪ್ಪನ ಮಂಚದ ಪಕ್ಕ ಕೂತಿದ್ದಾಳೆ.

ನರ್ಸಮ್ಮ ಅವಳನ್ನು ಜಗಲಿಗೆ ಕರೆದುಕೊಂಡು ಬಂದಳು.

"ನೋಡಿ, ಅನುಭವಿಸೋರು ಎಷ್ಟು ಅಂತಾರೋ ನೋವು ಅಷ್ಟೇ. ನಮಗೆ ಕಲಿಸೋ ಮೊದಲನೇ ಪಾಠಾನೇ ಅದು. ಎಷ್ಟೋ ಮನೇಲಿ ರೋಗಿ ಒಂಬತ್ತು ಅಂತಿರ್ತಾರೆ, ಮನೆಯವರು 'ಎಲ್ಲಾ ನಾಟಕ ಸಿಸ್ಟರ್, ನಂಬಬೇಡಿ' ಅಂತಾರೆ. ಅದಕ್ಕೇ ನಾವು ಬೇರೆಯವರ ಮಾತು ಬರ್ಕೊಳಲ್ಲ."

"ಇಲ್ಲಿ ಉಲ್ಟಾ ನಾಟಕ ನಡೀತಿದೆಯಲ್ಲ, ಅದಕ್ಕೆ ನಿಮ್ಮ ಪಾಠದಲ್ಲಿ ಏನಿದೆ?"

"ಹೆಚ್ಚುವರಿ ಮಾತ್ರೆ ಹತ್ತು ಕೊಟ್ಟಿದೀನಲ್ಲ. ತಡೆಯೋಕಾಗದಿದ್ದಾಗ ಕೇಳಿ ತಗೋಬಹುದು."

"ಹತ್ತೂ ಹಾಗೇ ಇದೆ ಸಿಸ್ಟರ್. ಬಾಯಿ ಹತ್ರ ತಗೊಂಡು ಹೋದ್ರೆ ಹಲ್ಲು ಬಿಗಿದ್ಕೋತಾರೆ. 'ಇರಲಿ, ನಾಳೆಗಾಗುತ್ತೆ' ಅಂತಾರೆ. ದಿನಾ ನಾಳೆ."

ನರ್ಸಮ್ಮನಿಗೂ ಏನೋ ಅನುಮಾನ ಬಂದಿರಬೇಕು. ಒಳಗೆ ಹೋಗಿ ಚೀಲದಿಂದ ಒಂದು ರಟ್ಟು ತೆಗೆದಳು. ಅಂಕಿ ಹೇಳಲು ಬಾರದ ಮಕ್ಕಳಿಗಾಗಿ ಮಾಡಿದ ಚಿತ್ರಪಟ ಅದು. ಸಾಲಾಗಿ ಆರು ದುಂಡು ಮುಖ. ಮೊದಲನೆಯದು ನಗುತ್ತದೆ, ಆರನೆಯದು ಅಳುತ್ತದೆ. "ಮೇಷ್ಟ್ರೇ, ಅಂಕಿ ಬಿಡಿ. ಇದರಲ್ಲಿ ನಿಮ್ಮ ಮುಖ ಯಾವುದು ತೋರಿಸಿ," ಅಂದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಪಟವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಅವರು ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಅದನ್ನು ಮರೆತು ಪಟ ಕೊಟ್ಟದ್ದು ನರ್ಸಮ್ಮನ ತಪ್ಪು.

"ಇದನ್ನ ಯಾರಮ್ಮ ಬರೆದದ್ದು?"

"ಗೊತ್ತಿಲ್ಲ, ಪ್ರಿಂಟ್ ಆಗಿ ಬಂದಿರುತ್ತೆ."

"ಈ ಕಣ್ಣಿಗೂ ಈ ಬಾಯಿಗೂ ಸಂಬಂಧವೇ ಇಲ್ಲ. ಅಳೋವಾಗ ಹುಬ್ಬು ಹೀಗೆ ಮೇಲೆ ಹೋಗುತ್ತಾ? ಒಳಗಡೆ ತುದಿ ಮಾತ್ರ ಏಳುತ್ತೆ. ನೋವಾದವನು ಬಾಯಿ ತೆರೀತಾನೆ ಅಂತ ಇವನಿಗೆ ಯಾರು ಹೇಳಿದ್ರು? ಮುಚ್ಕೋತಾನೆ." ಪಟವನ್ನು ವಾಪಸ್ ಕೊಟ್ಟರು. "ಇದಕ್ಕೆ ಒಂದಕ್ಕಿಂತ ಜಾಸ್ತಿ ಕೊಡೋಕಾಗಲ್ಲ."

ನರ್ಸಮ್ಮ ನಕ್ಕಳು. ಮಗಳಿಗೂ ನಗು ಬಂತು, ಬಂದದ್ದಕ್ಕೆ ತನ್ನ ಮೇಲೇ ಕೋಪ ಬಂತು. ಇಷ್ಟು ಮಾತಾಡುವ ಮನುಷ್ಯನಿಗೆ ನೋವಿದೆ ಅಂತ ಯಾವ ಡಾಕ್ಟರು ನಂಬುತ್ತಾರೆ? ನರ್ಸಮ್ಮ ಹಾಳೆಯಲ್ಲಿ 'ಗೆಲುವಾಗಿ ಮಾತಾಡುತ್ತಾರೆ' ಅಂತ ಬರೆದದ್ದು ಅವಳಿಗೆ ನಿಂತಲ್ಲಿಂದಲೇ ಕಾಣಿಸಿತು. ಸ್ಕೂಟರಿನ ಸದ್ದು ರಸ್ತೆಯ ತಿರುವು ದಾಟುತ್ತಲೇ ಮೇಷ್ಟ್ರು ದಿಂಬನ್ನು ಮತ್ತೆ ಮಗುಚಿಕೊಂಡರು.

ಅವತ್ತು ಮಧ್ಯಾಹ್ನ ಅವಳು ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ತಾಳ್ಮೆಯಿಂದಲೇ ಕೇಳಿಸಿಕೊಂಡರು. "ಪ್ರೀತಿ ಇದ್ದಾಗ ನೋಡೋರಿಗೆ ನೋವು ಜಾಸ್ತಿ ಕಾಣುತ್ತೆ ಅಮ್ಮ. ಸಹಜ. ನಿಮಗೆ ನಿದ್ದೆ ಆಗ್ತಿದೆಯಾ? ಮನೆಯವರಿಗೂ ಮಾತಾಡೋಕೆ ನಮ್ಮಲ್ಲಿ ಒಬ್ಬರು ಇದಾರೆ, ಬಂದು ಕೂತು ಮಾತಾಡಿ," ಅಂದರು. ಅವಳು ಕೇಳಿದ್ದು ಅಪ್ಪನ ಮಾತ್ರೆ, ಇವರು ಕೊಡುತ್ತಿರುವುದು ಅವಳಿಗೆ ಸಮಾಧಾನ. ಫೋನನ್ನು ಎತ್ತಿ ಒಗೆಯಬೇಕು ಅನ್ನಿಸಿತು. ಸಮಾಧಾನ ಅಂತೆ ಸಮಾಧಾನ. ಅದನ್ನು ಯಾವ ನೀರಿನ ಜೊತೆ ನುಂಗಬೇಕು ಅಂತಲೂ ಹೇಳಿಬಿಡಿ ಅಂತ ಬಾಯಿ ತುದಿಗೆ ಬಂದದ್ದನ್ನು ತಡೆದುಕೊಂಡು "ಆಯ್ತು ಸಾರ್" ಅಂದಳು. ಆ 'ಆಯ್ತು ಸಾರ್'ಗೆ ಆಮೇಲೆ ಎಷ್ಟು ದಿನ ತನ್ನನ್ನೇ ಬೈದುಕೊಂಡಳೋ.

ಬುಧವಾರ, ಗುರುವಾರ ಹೇಗೆ ಕಳೆಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರು ಕೂಗಲಿಲ್ಲ, ನರಳಲಿಲ್ಲ. ಮಂಚದ ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡರು. ಊಟ ಬಿಟ್ಟರು, ಆಮೇಲೆ ನೀರನ್ನೂ ಬೇಡ ಅಂದರು, ಯಾಕೆಂದರೆ ಕುಡಿದರೆ ಎದ್ದು ಹೋಗಬೇಕಾಗುತ್ತದಲ್ಲ. ಬೆನ್ನಿಗೆ ಬಿಸಿನೀರಿನ ಚೀಲ ಇಡಲು ಹೋದರೆ ಮುಟ್ಟುವ ಮೊದಲೇ ಮೈ ಸೆಟೆದುಕೊಳ್ಳುತ್ತಿತ್ತು. "ಅಪ್ಪ, ನಿಜ ಹೇಳು, ಎಷ್ಟಿದೆ?" ಅಂದರೆ, "ಹೇಳಿದೀನಲ್ಲ, ನಾಲ್ಕು" ಅನ್ನುತ್ತಿದ್ದರು. ಗೋಡೆಯ ಜೊತೆ ಮಾತಾಡಿದಂತೆಯೇ. ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಒಂದು ಲೋಟ ಒಡೆಯಿತು.

ಶುಕ್ರವಾರ ಬೆಳಿಗ್ಗೆ ಅಣ್ಣ ಬಂದ. ಊರಿನ ಆ ತುದಿಯಲ್ಲಿ ಅವನ ಮನೆ, ವಿಮಾ ಕಚೇರಿಯಲ್ಲಿ ಕೆಲಸ. ವಾರಕ್ಕೊಮ್ಮೆ ಆಫೀಸಿಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷ ಬಂದು, ಹಣ್ಣಿನ ಚೀಲ ಇಟ್ಟು, ಬುದ್ಧಿ ಹೇಳಿ ಹೋಗುತ್ತಾನೆ. ಬೂಟು ಬಿಚ್ಚುವುದು ತಡವಾಗುತ್ತದೆ ಅಂತ ಹೊಸ್ತಿಲಲ್ಲೇ ನಿಂತು ಮಾತಾಡುವುದು ಅವನ ಅಭ್ಯಾಸ.

"ಮಾರ್ಫಿನ್ ಜಾಸ್ತಿ ಮಾಡಿಸ್ಬೇಡ ಕಣೇ. ಒಂದ್ಸಲ ಅಂಟ್ಕೊಂಡ್ರೆ ಬಿಡಲ್ಲವಂತೆ."

"ಅಂಟ್ಕೊಂಡು ಏನು ಮಾಡ್ತಾರೆ, ಇನ್ನೊಂದು ತಿಂಗಳಿಗೆ? ಬೀದಿ ಬೀದಿ ಅಲೀತಾರಾ?"

"ನಿನ್ನ ಹತ್ರ ಮಾತಾಡೋಕಾಗಲ್ಲಪ್ಪ. ಅವರೇ ನಾಲ್ಕು ಅಂತಿದಾರೆ ತಾನೇ? ಅಪ್ಪ ಎಲ್ಲಾದ್ರೂ ಸುಳ್ಳು ಹೇಳಿಯಾರು, ಅಂಕದ ವಿಷಯದಲ್ಲಿ ಮಾತ್ರ ಹೇಳೋ ಮನುಷ್ಯ ಅಲ್ಲ. ಹೆತ್ತ ಮಗ ಅಂತ ನೋಡದೆ ನನಗೇ ಎರಡು ಕೊಟ್ಟೋರು."

"ನನಗೂ ಕೊಟ್ರಲ್ಲ ನಾಲ್ಕು, ಆ ದರಿದ್ರ ನಾಲ್ಕು," ಅಂದಳು ಅವಳು.

ಅಣ್ಣ ಅವಳನ್ನು ವಿಚಿತ್ರವಾಗಿ ನೋಡಿದ. "ದರಿದ್ರ ಅಂತೀಯಾ? ನಿನಗೆ ನಾಲ್ಕು ಬಂತು ಅಂತ ನಾನು ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಇಡೀ ಶಾಲೇಲಿ ಯಾರಿಗೆ ಬರ್ತಿತ್ತೇ ನಾಲ್ಕು?"

ಆ ನಾಲ್ಕರ ಕತೆ ಹೇಳಲೇಬೇಕು. ಏಳನೇ ಕ್ಲಾಸಿನಲ್ಲಿ ಅವಳು ಅಮ್ಮನ ಕೈಗಳ ಚಿತ್ರ ಬರೆದಿದ್ದಳು, ಒದ್ದೆ ಬಟ್ಟೆ ಹಿಂಡುತ್ತಿರುವ ಎರಡು ಕೈ. ಮೂರು ಸಂಜೆ ಕೂತು ಬರೆದದ್ದು. ಬಟ್ಟೆಯ ತಿರುಚು, ಮಣಿಕಟ್ಟಿನ ನರ, ಯಾವುದನ್ನೂ ಬಿಟ್ಟಿರಲಿಲ್ಲ. ಶಾಲೆಯಲ್ಲಿ ಅಪ್ಪನೇ ಮೇಷ್ಟ್ರು. ವಾಪಸ್ ಬಂದ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಹತ್ತಕ್ಕೆ ನಾಲ್ಕು. ಬೇರೆ ಎಲ್ಲ ವಿಷಯದಲ್ಲಿ ಎಂಟು, ಒಂಬತ್ತು ತರುವ ಹುಡುಗಿ ಅವಳು. ಹಾಳೆಯನ್ನು ಒಲೆಗೆ ಹಾಕಿದಳು. ಅವತ್ತಿನಿಂದ ಚಿತ್ರದ ಪೆನ್ಸಿಲ್ ಮುಟ್ಟಲಿಲ್ಲ. ಅಪ್ಪ ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ. ಮೂವತ್ತೆಂಟು ವರ್ಷ ಆ ನಾಲ್ಕನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ್ದಳು. ಬೇರೆಯವರಿಗೆ ಎಷ್ಟು ಬಂತು ಅಂತ ನೋಡುವ ಮನಸ್ಸು ಆಗ ಯಾರಿಗಿತ್ತು?

ಅವಳು ಒಳಗೆ ಹೋಗಿ ಸ್ಟೂಲು ಎಳೆದು ಅಟ್ಟಕ್ಕೆ ಕೈ ಹಾಕಿದಳು. ಶಾಲೆ ಮುಚ್ಚಿದಾಗ ರದ್ದಿಗೆ ಹೋಗಬೇಕಾಗಿದ್ದ ಅಂಕದ ರಿಜಿಸ್ಟರುಗಳನ್ನು ಮೇಷ್ಟ್ರು ಮನೆಗೆ ತಂದಿಟ್ಟುಕೊಂಡಿದ್ದರು. ಹಳೇ ಸೀರೆಯಲ್ಲಿ ಕಟ್ಟಿದ ಗಂಟು. ಬಿಚ್ಚಿದಳು, ಧೂಳಿಗೆ ಸೀನಿದಳು, ನೆಲದ ಮೇಲೆ ಕೂತು ತಿರುವಿದಳು. ಎರಡು, ಒಂದು, ಎರಡು, ಮೂರು, ಒಂದೂವರೆ. ಪುಟದ ಮೇಲೆ ಪುಟ. ಎರಡು, ಎರಡು, ಒಂದು, ಮೂರು. ತನ್ನ ವರ್ಷ ಸಿಕ್ಕಿತು. ನಲವತ್ಮೂರು ಮಕ್ಕಳ ಕ್ಲಾಸು. ತನ್ನ ಹೆಸರಿನ ಮುಂದೆ ನಾಲ್ಕು. ಮೇಲೆ ಕೆಳಗೆ ಎಲ್ಲಿಯೂ ಇನ್ನೊಂದು ನಾಲ್ಕಿಲ್ಲ. ಮುಂದಿನ ವರ್ಷ, ಅದರ ಮುಂದಿನ ವರ್ಷ. ಐದು ಎಲ್ಲಿದೆ? ಅವಳ ಬೆರಳು ಕಾಲಂನಿಂದ ಕಾಲಂಗೆ ಓಡಿತು. ಮೂವತ್ತೊಂದು ವರ್ಷದಲ್ಲಿ ನಾಲ್ಕು ಇದ್ದದ್ದು ಏಳು ಕಡೆ. ಐದು ಒಂದೇ ಒಂದು ಕಡೆಯೂ ಇರಲಿಲ್ಲ.

ಆಮೇಲೆ ಬಂತು ನೋಡಿ ಸಿಟ್ಟು. ಎಲ್ಲರ ಮೇಲೂ ಬಂತು. ಸಾಯುವಾಗಲೂ ಜಿಪುಣತನ ಬಿಡದ ಅಪ್ಪನ ಮೇಲೆ, ಬರೆದುಕೊಂಡು ಹೋದ ನರ್ಸಮ್ಮನ ಮೇಲೆ, ನಿದ್ದೆ ಆಗ್ತಿದೆಯಾ ಅಂದ ಡಾಕ್ಟರ ಮೇಲೆ, ಹೊಸ್ತಿಲಲ್ಲಿ ಗಡಿಯಾರ ನೋಡುತ್ತ ನಿಂತ ಅಣ್ಣನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಆ ನಾಲ್ಕು ಅವಳನ್ನು ಮೂವತ್ತೆಂಟು ವರ್ಷ ಸುಟ್ಟಿತ್ತು. ಅದೇ ಬಾಯಿ ಅದೇ ನಾಲ್ಕನ್ನು ಹನ್ನೊಂದು ದಿನ ಕಿವಿಯ ಹತ್ತಿರವೇ ಹೇಳುತ್ತಿತ್ತು. ಗುರುತು ಸಿಕ್ಕಲಿಲ್ಲ.

"ಬೂಟು ಬಿಚ್ಚು," ಅಂದಳು ಅಣ್ಣನಿಗೆ.

"ಯಾಕೆ? ನನಗೆ ಆಫೀಸು..."

"ಬಿಚ್ಚು ಅಂದೆ. ಅಪ್ಪನ ಪಕ್ಕ ಕೂತ್ಕೋ. ನಾನು ಬರೋವರೆಗೂ ಏಳಬೇಡ. ಕೈ ಕೊಟ್ಟು ಕೂತ್ಕೋ, ಹಿಡ್ಕೊಳಕ್ಕೆ ಅವರಿಗೆ ಕಂಬಿ ಬೇಡ."

ಅಣ್ಣ ಬಿಚ್ಚಿದ. ಅವಳ ಆ ದನಿಗೆ ಕುಡುಕರು ಬಸ್ಸಿನಿಂದ ತಾವಾಗಿ ಇಳಿದದ್ದುಂಟು. ಕಂಡಕ್ಟರ್ ಚೀಲ ಕೊಡವಿ, ಹಿಡಿಸುವಷ್ಟು ರಿಜಿಸ್ಟರು ತುಂಬಿದಳು. ಉಳಿದವನ್ನು ಕಂಕುಳಲ್ಲಿ ಅವಚಿಕೊಂಡು ಹೊರಟಳು.

ಆರೈಕೆ ಕೇಂದ್ರ ಎರಡು ಸ್ಟಾಪು ಆಚೆ. ಬಸ್ಸಿಗೂ ಕಾಯದೆ ನಡೆದೇ ಹೋದಳು. ಅಂಗಳದಲ್ಲಿ ಹೂಕುಂಡ, ಗೋಡೆಗೆ ತಿಳಿ ಹಸಿರು ಬಣ್ಣ, 'ದಯವಿಟ್ಟು ಮೆಲ್ಲಗೆ ಮಾತಾಡಿ' ಅನ್ನುವ ಫಲಕ. ಡಾಕ್ಟರ ಕೋಣೆಯಲ್ಲಿ ನರ್ಸಮ್ಮನೂ ಇದ್ದಳು, ಅವತ್ತಿನ ಮನೆಗಳ ಪಟ್ಟಿ ಹಿಡಿದುಕೊಂಡು. ಮಗಳು ಕೇಳದೆ ಒಳಗೆ ನುಗ್ಗಿ, ಚೀಲದಲ್ಲಿದ್ದ, ಕಂಕುಳಲ್ಲಿದ್ದ ರಿಜಿಸ್ಟರುಗಳನ್ನೆಲ್ಲ ಮೇಜಿನ ಮೇಲೆ ಕುಕ್ಕಿದಳು. ಧೂಳು ಎದ್ದು ಡಾಕ್ಟರ ಚಹಾದ ಕಪ್ಪಿಗೆ ಬಿತ್ತು.

"ಇದು ನಮ್ಮಪ್ಪ ಕೊಟ್ಟ ಅಂಕ. ಮೂವತ್ತೊಂದು ವರ್ಷದ್ದು. ಇದರಲ್ಲಿ ಎಲ್ಲಾದ್ರೂ ಒಂದು ಐದು ಹುಡುಕಿ ಕೊಡಿ ಸಾರ್. ಸಿಕ್ಕಿದ್ರೆ ನಿಮ್ಮ ಕಾಲು ಮುಟ್ಟಿ ಮನೆಗೆ ಹೋಗ್ತೀನಿ, ಬಂದು ಕೂತು ಮಾತಾಡ್ತೀನಿ, ನಿದ್ದೇನೂ ಮಾಡ್ತೀನಿ."

"ಅಮ್ಮ, ಸ್ವಲ್ಪ ಕೂತ್ಕೊಳ್ಳಿ," ಅಂದರು ಡಾಕ್ಟರು.

"ಕೂರಲ್ಲ. ಹುಡುಕಿ."

ಡಾಕ್ಟರು ಒಂದು ರಿಜಿಸ್ಟರು ತೆರೆದರು. ಸಭ್ಯತೆಗೆ ಅಂತ ತೆರೆದದ್ದು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಎರಡು ಪುಟ ತಿರುವಿದರು. ಮೂರನೆಯ ಪುಟಕ್ಕೆ ಕೈ ನಿಧಾನವಾಯಿತು. ಇನ್ನೊಂದು ರಿಜಿಸ್ಟರು ಎಳೆದುಕೊಂಡರು. ನರ್ಸಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಮೂರು ಬಂದ್ರೆ ನಮ್ಮ ಶಾಲೇಲಿ ಮಕ್ಕಳು ಕುಣೀತಿದ್ರಂತೆ," ಅಂದಳು ಮಗಳು. ಅವಳ ದನಿ ಈಗ ಏರಿತ್ತು, ಆ ಮೆಲ್ಲಗೆ ಮಾತಾಡಿ ಫಲಕಕ್ಕೂ ಕೇಳಿಸುವಷ್ಟು. "ಹೆಡ್ಮಾಸ್ಟರು ಜಗಳ ಆಡಿದ್ರು, ಅಪ್ಪ ಅಮ್ಮಂದಿರು ಬಂದು ಬೈದ್ರು, ಈ ಮನುಷ್ಯ ಅರ್ಧ ಅಂಕ ಬಿಡಲಿಲ್ಲ. ಇವರಿಗೆ ನಾಲ್ಕು ಅಂದ್ರೆ ಅಲ್ಲಿಗೆ ಮುಗೀತು, ಅದರ ಮೇಲೆ ಅಂಕಿ ಇಲ್ಲ. ನೀವು ಐದು ಬರಲಿ ಅಂತ ಕಾಯ್ತಾ ಕೂತಿದೀರಿ. ಹನ್ನೊಂದು ದಿನ ಸಾರ್. ದಿಂಬು ಕಚ್ಕೊಂಡು ಬಿದ್ದಿದ್ರು, ನಾನು ಬಾಯಿ ಬಡ್ಕೊಂಡೆ. ನೀವು 'ಗೆಲುವಾಗಿ ಮಾತಾಡುತ್ತಾರೆ' ಅಂತ ಬರ್ಕೊಂಡ್ರಿ."

ಕೊನೆಯ ಮಾತು ನರ್ಸಮ್ಮನಿಗೆ. ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಔಷಧದ ಬೀರುವಿನ ಕೀಲಿ ತೆಗೆದುಕೊಂಡಳು.

ಡಾಕ್ಟರು ರಿಜಿಸ್ಟರು ಮುಚ್ಚಿದರು. "ನಿಮ್ಮ ಮಾತು ಅವತ್ತೇ ಕೇಳಬೇಕಿತ್ತು," ಅಂದರು. "ಗಾಡಿ ತೆಗಿಸ್ತೀನಿ. ನಾನೂ ಬರ್ತೀನಿ."

ಕ್ಷಮಿಸಿ ಅಂತ ಅವರು ಅನ್ನಲಿಲ್ಲ. ಅಂದಿದ್ದರೆ ಅವಳು ಇನ್ನಷ್ಟು ಕೂಗಾಡುತ್ತಿದ್ದಳು, ಸದ್ಯ ಅನ್ನಲಿಲ್ಲ.

ಮನೆಗೆ ಹೋದಾಗ ಅಣ್ಣ ನೆಲದ ಮೇಲೆ ಮಂಡಿಯೂರಿ ಕೂತಿದ್ದ, ಕೈ ಅಪ್ಪನ ಕೈಯಲ್ಲಿತ್ತು. ಅಪ್ಪನ ಉಗುರು ನಾಟಿ ಅವನ ಅಂಗೈ ಬದಿಯಲ್ಲಿ ನಾಲ್ಕು ಕೆಂಪು ಗೆರೆ ಎದ್ದಿದ್ದವು. "ಇದು... ದಿನಾ ಹೀಗೇನಾ?" ಅಂತ ಕೇಳಿದ. ವಾರಕ್ಕೆ ಹತ್ತು ನಿಮಿಷ ಬರುವವನಿಗೆ ಒಂದು ಗಂಟೆ ಸಾಕಾಗಿತ್ತು.

ಮೇಷ್ಟ್ರು ಡಾಕ್ಟರನ್ನು ಕಂಡು ಬಾಚಣಿಗೆಗೆ ಕೈ ಚಾಚಿದರು. ಮಗಳು ಬಾಚಣಿಗೆಯನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. "ಸಾಕು ಅಪ್ಪ. ಇನ್ಸ್‌ಪೆಕ್ಟರ್ ಬಂದಿಲ್ಲ," ಅಂದಳು.

ಡಾಕ್ಟರು ಅಂಕಿ ಕೇಳಲಿಲ್ಲ. ಹೊಟ್ಟೆಯ ಚರ್ಮದಡಿಗೆ ಸಣ್ಣ ಸೂಜಿಯಲ್ಲಿ ಔಷಧ ಕೊಟ್ಟು ಪಕ್ಕದಲ್ಲಿ ಕೂತರು. ಮೊದಲು ಅಣ್ಣನ ಕೈ ಹಿಡಿದಿದ್ದ ಬೆರಳು ಸಡಿಲವಾಯಿತು, ಆಮೇಲೆ ಹೆಗಲು, ಆಮೇಲೆ ದವಡೆ. ಅಷ್ಟು ದಿನ ಆ ಮೈ ಎಷ್ಟು ಬಿಗಿದುಕೊಂಡಿತ್ತು ಅನ್ನುವುದು ಅದು ಬಿಡುವಾಗ ಗೊತ್ತಾಯಿತು. ಮಗಳು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅತ್ತದ್ದೂ ಸಿಟ್ಟಿನಿಂದಲೇ. ಇಷ್ಟು ಸುಲಭವಾಗಿತ್ತೇ? ಅರ್ಧ ಗಂಟೆಯ ಕೆಲಸವೇ?

ಸಂಜೆಯೊಳಗೆ ಕೇಂದ್ರಕ್ಕೆ ಕರೆದೊಯ್ದರು. ಕಿಟಕಿಯ ಪಕ್ಕದ ಹಾಸಿಗೆ. ನಾಲ್ಕನೆಯ ದಿನಕ್ಕೆ ನರ್ಸಮ್ಮ ಕೇಳಿದಾಗ ಮೇಷ್ಟ್ರು, "ಅರ್ಧ" ಅಂದರು. ನರ್ಸಮ್ಮ ಅದನ್ನು ಹಾಗೆಯೇ ಬರೆದು, ಪಕ್ಕದಲ್ಲಿ 'ನಾಲ್ಕಕ್ಕೆ' ಅಂತ ಸೇರಿಸಿದಳು.

"ಯಾಕಪ್ಪ ಹೀಗೆ ಮಾಡಿದೆ?" ಅಂತ ಅವತ್ತು ಮಗಳು ಕೇಳಿದಳು. "ಒಂದು ಐದು ಅಂದಿದ್ರೆ ನಿನ್ನ ಗಂಟು ಹೋಗ್ತಿತ್ತಾ?"

"ಇವತ್ತೇ ಹತ್ತು ಕೊಟ್ಬಿಟ್ರೆ, ನಾಳೆ ಇದಕ್ಕಿಂತ ದೊಡ್ಡದು ಬಂದಾಗ ಏನು ಕೊಡ್ಲಿ?" ಅಂದರು ಮೇಷ್ಟ್ರು. "ಕೈಯಲ್ಲಿ ಏನೂ ಉಳಿದಿರಲ್ಲವಲ್ಲ. ಭಯ ಆಗ್ತಿತ್ತು ಕಣೇ."

ಭಯ ಅನ್ನುವ ಮಾತನ್ನು ಅಪ್ಪನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಅದನ್ನು ಕೇಳಿ ಕರಗಿದಳು ಅಂತ ಬರೆದರೆ ಸುಳ್ಳಾಗುತ್ತದೆ. "ಮತ್ತೆ ನನ್ನ ಚಿತ್ರಕ್ಕೆ? ನಾಲ್ಕೇ ಎಲ್ಲಕ್ಕಿಂತ ಮೇಲಿಂದು ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ರಿಜಿಸ್ಟರು ಮೇಜಿನ ಮೇಲೇ ಇರ್ತಿತ್ತಲ್ಲ. ನೋಡಿರ್ತೀಯ ಅಂದ್ಕೊಂಡಿದ್ದೆ."

"ಹನ್ನೆರಡು ವರ್ಷದ ಹುಡುಗಿ ಅಪ್ಪ ನಾನು. ನಿನ್ನ ಮುಖ ನೋಡ್ತಿದ್ದೆ, ರಿಜಿಸ್ಟರು ನೋಡ್ತಿರಲಿಲ್ಲ."

ಪಕ್ಕದ ಹಾಸಿಗೆಯವರು ಕೆಮ್ಮಿದರು. ಅವಳು ಎದ್ದು ಹೋಗಿ ಅವರಿಗೆ ನೀರು ಕೊಟ್ಟು ಬಂದಳು.

ಮರುದಿನ ಮೇಷ್ಟ್ರು ಪೆನ್ಸಿಲ್ಲು, ರಟ್ಟು ಕೇಳಿದರು. ನರ್ಸಮ್ಮನ ಆ ಮುಖದ ಪಟವನ್ನು ಹೊಸದಾಗಿ ಬರೆಯಬೇಕು ಅಂತ ಹಟ. ದಿನಕ್ಕೊಂದು ಮುಖದಂತೆ, ಬೆರಳು ನಡುಗದ ಹೊತ್ತು ನೋಡಿಕೊಂಡು ಬರೆದರು. ಐದು ಮುಖ ಆಯಿತು. ಆರನೆಯದರ ಜಾಗಕ್ಕೆ ಬಂದಾಗ ಪೆನ್ಸಿಲನ್ನು ಮಗಳ ಕಡೆ ಚಾಚಿದರು.

"ಇದು ನೀನು ಬರಿ. ನನ್ನ ಆ ಮುಖ ನೀನು ನೋಡಿದೀಯ, ನಾನು ನೋಡಿಲ್ಲ."

ಪೆನ್ಸಿಲನ್ನು ಕಿಟಕಿಯಾಚೆ ಎಸೆಯಬೇಕು ಅನ್ನಿಸಿತು ಅವಳಿಗೆ. ಎಸೆಯಲಿಲ್ಲ. ಆ ಹನ್ನೊಂದು ದಿನದ ಸಿಟ್ಟನ್ನೆಲ್ಲ ಬೆರಳಿಗೆ ತಂದುಕೊಂಡು, ಎರಡು ಸಲ ಮೊನೆ ಮುರಿದು, ಅಪ್ಪನ ಮುಖ ಬರೆದಳು. ಒಳತುದಿ ಎದ್ದ ಹುಬ್ಬು, ಮುಚ್ಚಿದ ಬಾಯಿ, ದಿಂಬಿನ ಮೂಲೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು.

"ಇಷ್ಟಿತ್ತಾ?" ಅಂತ ಕೇಳಿದರು.

"ಇಷ್ಟಿತ್ತು."

"ಪಾಪ ನೀನು," ಅಂದರು. ಆಮೇಲೆ, "ಕಿವಿ ಸ್ವಲ್ಪ ಕೆಳಗಾಯ್ತು."

"ಎಷ್ಟು ಕೊಡ್ತೀಯ?"

"ಕಿವಿಗೆ ಅರ್ಧ ಕಳೀಬೇಕಾಗುತ್ತೆ."

ಅವಳು ಹಣೆ ಚಚ್ಚಿಕೊಂಡಳು. ಮೇಷ್ಟ್ರು ನಕ್ಕರು. ಮೂರೂವರೆ ಅಂತ ರಟ್ಟಿನ ಹಿಂದೆ ಬರೆದೇ ಬಿಟ್ಟರು, ಪುಣ್ಯಾತ್ಮ.

ಇನ್ನೊಂಬತ್ತು ದಿನ ಇದ್ದರು. ಹೋದದ್ದು ಬೆಳಗಿನ ಎಂಟು ಗಂಟೆಗೆ, ಅಣ್ಣ ಕಾಲು ಒತ್ತುತ್ತಿದ್ದ, ಅವಳು ತಲೆ ಬಾಚುತ್ತಿದ್ದಳು. ದವಡೆ ಬಿಗಿದಿರಲಿಲ್ಲ.

ಎಲ್ಲ ಮುಗಿದು ತಿಂಗಳಾದ ಮೇಲೆ, ಅವಳು ಮತ್ತೆ ಡ್ಯೂಟಿಗೆ ಹೋಗತೊಡಗಿದ ಮೇಲೆ, ಕೇಂದ್ರದಿಂದ ಒಂದು ಅಚ್ಚು ಹಾಕಿದ ಹಾಳೆ ಬಂತು. ನಮ್ಮ ಸೇವೆ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ, ಕಾರಣ ಬರೆಯಿರಿ. ಹತ್ತಕ್ಕೆ ಅನ್ನುವುದನ್ನು ಕಂಡದ್ದೇ ಅವಳ ಪಿತ್ತ ನೆತ್ತಿಗೇರಿತು. ಇನ್ನೂ ಬುದ್ಧಿ ಬಂದಿಲ್ಲವಲ್ಲ ಇವರಿಗೆ. ಹಾಳೆಯನ್ನು ಮುದುಡಿ ಟಿಕೆಟ್ ಚೀಲಕ್ಕೆ ತುರುಕಿದಳು. ಕೊನೆಯ ಟ್ರಿಪ್ಪು ಮುಗಿದ ಮೇಲೆ ಖಾಲಿ ಬಸ್ಸಿನಲ್ಲಿ ಕೂತು, ತೊಡೆಯ ಮೇಲಿಟ್ಟು ಸರಿಮಾಡಿ, ಅಂಕ ಬರೆದಳು. ಕಾರಣದ ಜಾಗ ಖಾಲಿ ಬಿಟ್ಟಳು.

ಎರಡು ದಿನಕ್ಕೆ, ಅವಳು ಡ್ಯೂಟಿಯಲ್ಲಿದ್ದಾಗ, ಕೇಂದ್ರದ ಆಫೀಸಿನಿಂದ ಯಾರೋ ಹೊಸಬರು ಫೋನು ಮಾಡಿದರು. "ಮೇಡಂ, ಹತ್ತಕ್ಕೆ ಮೂರು ಕೊಟ್ಟಿದೀರಿ. ತುಂಬಾ ಬೇಜಾರಾಗಿದೆ ಅನ್ಸುತ್ತೆ. ಏನು ತೊಂದರೆ ಆಯ್ತು ಅಂತ ಹೇಳಿದ್ರೆ..."

ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಯಿತು. ನರ್ಸಮ್ಮ.

"ಮೂರಾ?" ಅಂದಳು ನರ್ಸಮ್ಮ. ದನಿ ಸಣ್ಣಗಿತ್ತು.

"ಮೂರು. ಒಂದು ಕಳೆದಿದೀನಿ."

"ಯಾವುದಕ್ಕೆ ಅಂತ ಗೊತ್ತು."

"ಗೊತ್ತಿರಲಿ," ಅಂದಳು ಕಂಡಕ್ಟರಮ್ಮ. "ಆ ಒಂದು ಯಾವತ್ತೂ ವಾಪಸ್ ಕೊಡಲ್ಲ." ಫೋನು ಇಟ್ಟು, ಸೀಟಿ ಊದಿ, "ರೈಟ್ ರೈಟ್" ಅಂತ ಕೂಗಿದಳು. ಡ್ರೈವರ್ ತಿರುಗಿ ಅವಳ ಮುಖ ನೋಡಿದವನು ಏನೂ ಕೇಳದೆ ಗೇರು ಹಾಕಿದ.